ನೆಪವಿಲ್ಲದ ಬುತ್ತಿ

ದಾವಣಗೆರೆಯಿಂದ ಜಗಳೂರಿಗೆ ಸುಮಾರು 50 ಕಿಲೋಮೀಟರ್. 1997ರವರೆಗೆ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು, ಆಮೇಲೆ ದಾವಣಗೆರೆಗೆ ಬಂತು. ಎರಡೂ ಕಡೆಯ ಕಡತಗಳಲ್ಲಿ ಬರದ ತಾಲ್ಲೂಕು. ಪತ್ರಿಕೆಯಲ್ಲಿ ಈ ಊರಿನ ಹೆಸರು ಕಂಡರೆ ಅದರ ಹಿಂದೆಯೇ ಮಳೆ, ಈರುಳ್ಳಿ ದರ, ಇಲ್ಲವೇ ಗುಳೆ. ಇಂಥ ಊರಿನಲ್ಲಿ ಹವ್ಯಾಸದ ಮಾತು ಎತ್ತುವುದಕ್ಕೇ ಒಂಚೂರು ನಾಚಿಕೆ. ಆ ನಾಚಿಕೆ ಎಲ್ಲಿಂದ ಬಂತೆಂದು ನೋಡಲು ಇಬ್ಬರನ್ನು ಎದುರುಬದುರು ಕೂರಿಸಿದ್ದೇನೆ. ಒಬ್ಬರು ಮೆಕ್ಕೆಜೋಳ, ಈರುಳ್ಳಿ ಬೆಳೆಯುವ ಹಿರಿಯರು. ಇನ್ನೊಬ್ಬರು ಸರ್ಕಾರಿ ಶಾಲೆಯ ಟೀಚರ್. ಇಬ್ಬರೂ ಕಲ್ಪನೆಯವರು, ತಕರಾರು ಮಾತ್ರ ನಿಜದ್ದು. ಚಹದಂಗಡಿಯ ಬೆಂಚು ಎಂದುಕೊಳ್ಳಿ. ಬಿತ್ತನೆ ಮುಗಿದು ಎಡೆಕುಂಟೆ ಇನ್ನೂ ಶುರುವಾಗದ ನಾಲ್ಕು ದಿನ ಎಂದುಕೊಳ್ಳಿ.

ಹಿರಿಯರು: ಹವ್ಯಾಸ ಅನ್ನೋದು ಪುಸ್ತಕದ ಮಾತು ಟೀಚರ್. ನಮ್ಮ ಬಾಯಲ್ಲಿ ಅದಕ್ಕಿರೋ ಹೆಸರುಗಳನ್ನ ನೋಡ್ರಿ: ಶೋಕಿ, ಖಯಾಲಿ, ಗೀಳು, ಹುಚ್ಚು. ಒಂದಕ್ಕೂ ಮರ್ಯಾದೆ ಇಲ್ಲ. ಹುಡುಗ ಕ್ಯಾಮೆರಾ ಹಿಡ್ಕೊಂಡು ಹೊಲ ಸುತ್ತಿದ್ರೆ ‘ಅವನಿಗೊಂದು ಹುಚ್ಚು’ ಅಂತೀವಿ, ಸೊಸೆ ಬಣ್ಣದ ಡಬ್ಬಿ ಬಿಚ್ಚಿ ಕೂತ್ರೆ ‘ಬೇರೆ ಬದುಕಿಲ್ವೇನು’ ಅಂತೀವಿ. ಜನ ಕೆಟ್ಟವರು ಅಂತ ಹಂಗನ್ನಲ್ಲ. ಮಳೆ ನೆಚ್ಚಿಕೊಂಡಿರೋ ತಾಲ್ಲೂಕು ಇದು. ಬಿತ್ತಿದ ಮೇಲೆ ಮೂರು ವಾರ ಮಳೆ ಮುಖ ತಿರುಗಿಸಿದ್ರೆ ಬೀಜ, ಗೊಬ್ಬರ, ಬಡ್ಡಿ ಮೂರೂ ತಲೆ ಮೇಲೆ. ಈರುಳ್ಳಿ ಕಿತ್ತು ಮಾರ್ಕೆಟ್ಟಿಗೆ ಹಾಕಿದ್ರೆ ಲಾರಿ ಬಾಡಿಗೆನೂ ಹುಟ್ಟದ ವರ್ಷಗಳಿವೆ. ಕಾಫಿ ಸೀಮೆಗೆ ಗುಳೆ ಹೊರಟು ನಿಂತ ಮನೆಯವರಿಗೆ ‘ದಿನದ ಬದುಕಿಗೆ ಏನಾದ್ರೂ ಹೊಸದು ಸೇರಿಸ್ಕೊಳ್ರಿ’ ಅಂದ್ರೆ ಏನಂತಾರೆ? ಹೊಸದು ಕರೀದೇನೇ ಬರ್ತಾ ಇದೆ ತಾಯಿ, ಹಳೇದನ್ನೇ ಸಂಭಾಳಿಸೋಕೆ ಆಗ್ತಿಲ್ಲ ಅಂತಾರೆ.

ಟೀಚರ್: ಹುಚ್ಚು ಅನ್ನೋ ಪದಕ್ಕೆ ಮರ್ಯಾದೆ ಇಲ್ಲ ಅಂದ್ರಲ್ಲ, ಶಿವರಾಮ ಕಾರಂತರು ತಮ್ಮ ಆತ್ಮಕಥೆಗೆ ಇಟ್ಟ ಹೆಸರೇ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’. ಅದಿರಲಿ. ಹೊಟ್ಟೆಪಾಡಿನ ಮುಂದೆ ಬೇರೇನೂ ನಿಲ್ಲಲ್ಲ ಅನ್ನೋದು ನಿಜವಾಗಿದ್ರೆ ಈ ಸೀಮೇಲಿ ದೊಡ್ಡಾಟ ಹುಟ್ಟಲೇಬಾರದಿತ್ತು. ಮದ್ದಲೆ, ಮುಖವೀಣೆ, ತಾಳ ಇಟ್ಕೊಂಡು, ಭಾಗವತರನ್ನ ಕರೆಸಿ, ತಿಂಗಳುಗಟ್ಟಲೆ ರಾತ್ರಿ ಕಲಿತು, ಒಂದಿಡೀ ರಾತ್ರಿ ಬೆಳಗಿನವರೆಗೆ ಕುಣಿದವರು ಯಾರು? ಹಗಲೆಲ್ಲ ಗುದ್ದಲಿ ಹಿಡಿದವರೇ. ಅವರಲ್ಲಿ ಎಷ್ಟೋ ಜನಕ್ಕೆ ಅಕ್ಷರ ಬರ್ತಿರಲಿಲ್ಲ, ಪದ ಮತ್ತು ಮಾತು ಕಿವಿಯಿಂದ ಕಲಿತು ಬಾಯಿಪಾಠ ಮಾಡಿದ್ರು. ಆಮೇಲೆ ಕಂಪನಿ ನಾಟಕ ಬಂತು. ದಾವಣಗೆರೆಯ ಚಿಂದೋಡಿ ವೀರಪ್ಪನವರು 1928ರಲ್ಲಿ ಕೆ.ಬಿ.ಆರ್. ಡ್ರಾಮಾ ಕಂಪನಿ ಕಟ್ಟಿದ್ರು. ಅಂಥ ಕಂಪನಿಗಳ ಆಟ ನೋಡಿ ಬಂದ ಹಳ್ಳಿ ಹುಡುಗರು ಹಾರ್ಮೋನಿಯಂ ಮಾಸ್ತರನ್ನ ಹಿಡಿದು ತಂದು, ಸೀನರಿ ಬಾಡಿಗೆ ತಂದು, ತಾವೇ ನಾಟಕ ಆಡಿದ್ರು. ಬರದ ವರ್ಷ ಅಂತ ಅದೆಲ್ಲ ನಿಂತುಹೋಗ್ಲಿಲ್ಲ. ಬಡತನಕ್ಕೂ ಹವ್ಯಾಸಕ್ಕೂ ಆಗಿಬರಲ್ಲ ಅನ್ನೋದು ನಾವು ಈಚೆಗೆ ಹುಟ್ಟಿಸಿಕೊಂಡಿರೋ ನಂಬಿಕೆ ಅನ್ಸುತ್ತೆ.

ಹಿರಿಯರು: ನೀವು ನನ್ನ ಕಡೆ ಸಾಕ್ಷಿ ಹೇಳಿದ್ರಿ. ದೊಡ್ಡಾಟ ಹವ್ಯಾಸ ಅಲ್ಲ, ಊರ ಕೆಲಸ. ಜಾತ್ರೆಗೆ ದಿನ ಗೊತ್ತಾಗಿದೆ, ಪಾತ್ರ ಹಂಚಿ ಆಗಿದೆ, ದುಡ್ಡು ಎತ್ತಿ ಆಗಿದೆ. ಭೀಮನ ಪಾರ್ಟು ಒಪ್ಪಿಕೊಂಡೋನು ‘ಯಾಕೋ ಮನಸ್ಸಿಲ್ಲ’ ಅಂತ ಹದಿನೈದನೇ ದಿನ ಬಿಟ್ಟುಬಿಡೋಕೆ ಆಗಲ್ಲ. ಬಿಟ್ರೆ ಊರು ಜಾಲಾಡುತ್ತೆ. ಆ ಹೆದರಿಕೆನೇ ಕಲಿಸಿತು. ಈಗಿನ ಹವ್ಯಾಸಕ್ಕೆ ದಿನಾನೂ ಗೊತ್ತಿಲ್ಲ, ಕಾಯೋರೂ ಇಲ್ಲ. ಒಬ್ಬನೇ ಶುರು ಮಾಡ್ತಾನೆ, ಒಬ್ಬನೇ ಬಿಡ್ತಾನೆ. ಅಟ್ಟದ ಮೇಲೆ ನೋಡ್ರಿ, ತಂತಿ ಹರಿದ ಗಿಟಾರು, ಒಂದು ಪುಟ ಬಣ್ಣ ಹಚ್ಚಿದ ಡ್ರಾಯಿಂಗ್ ಪುಸ್ತಕ, ಎರಡು ಸೆಲ್ಲು ಸೋರಿ ತುಕ್ಕು ಹಿಡಿದ ಕೀಬೋರ್ಡು. ಅದನ್ನ ಹೊಸದು ಕಲಿಯೋದು ಅಂತೀರಾ? ನಾನಾದ್ರೆ ಹೊಸದು ಕೊಳ್ಳೋದು ಅಂತೀನಿ. ಊರು ಸುತ್ತೋದೂ ಅಷ್ಟೆ. ನಮ್ಮವರು ಸುತ್ತಿಲ್ಲ ಅಂತಲ್ಲ. ಕೊಟ್ಟೂರಿಗೆ ನಡೆದೇ ಹೋಗ್ತಾರೆ, ನಾಯಕನಹಟ್ಟಿ ತೇರಿಗೆ ಹೋಗ್ತಾರೆ, ಉಚ್ಚಂಗಿದುರ್ಗದ ಗುಡ್ಡ ಹತ್ತುತಾರೆ, ಕೊಡದಗುಡ್ಡಕ್ಕೆ ಹೋಗಿ ವೀರಭದ್ರನಿಗೆ ಕಾಯಿ ಒಡೆಸಿಕೊಂಡು ಬರ್ತಾರೆ. ಸಂಕ್ರಾಂತಿ ಬಂದ್ರೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಕಟ್ಕೊಂಡು ಹೊಳೆ ದಂಡೆಗೋ ಕೆರೆ ಏರಿಗೋ ಹೋಗ್ತಾರೆ. ಎಲ್ಲದಕ್ಕೂ ಒಂದು ನೆಪ ಇದೆ. ಬಳ್ಳಿಗೆ ಹಂದರ ಇದ್ದಂಗೆ. ಹಂದರ ಕಿತ್ತು ‘ಬಳ್ಳಿ ಸ್ವತಂತ್ರವಾಗಿ ಬೆಳೀಲಿ’ ಅಂದ್ರೆ ಅದು ನೆಲದ ಮೇಲೆ ಬಿದ್ದು ಕೊಳೆಯುತ್ತೆ.

ಟೀಚರ್: ನೆಪ. ಒಳ್ಳೆ ಪದ ಕೊಟ್ರಿ, ಅದನ್ನೇ ಹಿಡ್ಕೊಳ್ಳೋಣ. ನನ್ನ ಪ್ರಕಾರ ಈ ತಾಲ್ಲೂಕಿನ ಬರ ದುಡ್ಡಿಗಿಂತ ಜಾಸ್ತಿ ನೆಪದ್ದು. ಹೊರಗೆ ಹೋಗೋಕೆ, ಕೈಗೆ ಬೇಕಾದ್ದು ಮಾಡೋಕೆ, ಸುಮ್ಮನೆ ನಿಂತು ನೋಡೋಕೆ, ಎಲ್ಲದಕ್ಕೂ ಯಾರದೋ ಒಪ್ಪಿಗೆ ಬೇಕು; ಆ ಒಪ್ಪಿಗೆ ಸಿಗೋದು ನೆಪ ಇದ್ರೆ ಮಾತ್ರ. ಗಂಡಸರಿಗೆ ನೆಪ ಸುಲಭ. ‘ಪೇಟೆಗೆ ಹೋಗಿ ಬರ್ತೀನಿ’ ಅಂದ್ರೆ ಸಾಕು, ಪೇಟೇಲಿ ಏನು ಅಂತ ಯಾರೂ ಕೇಳಲ್ಲ. ಹೆಂಗಸರ ನೆಪಕ್ಕೆ ಮಾತ್ರ ಆಧಾರ ಬೇಕು: ದೇವರು, ಆಸ್ಪತ್ರೆ, ತವರು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಸರ್ಕಾರಿ ಬಸ್ಸು ಹೆಂಗಸರಿಗೆ ಉಚಿತ ಆಯ್ತಲ್ಲ, ಮೊದಲ ವಾರಗಳಲ್ಲಿ ಧರ್ಮಸ್ಥಳದಂಥ ಕ್ಷೇತ್ರಗಳ ಬಸ್ಸು ತುಂಬಿ ತುಳುಕಿತು. ಆಗ ಎಲ್ಲರೂ ಅಂದದ್ದು, ‘ಪುಕ್ಕಟೆ ಅಂತ ನುಗ್ಗಿದ್ರು’. ಟಿಕೆಟ್ ದುಡ್ಡು ಒಂದು ತಡೆ ಆಗಿತ್ತು, ಹೌದು. ಆದ್ರೆ ತಡೆ ತೆಗೆದ ತಕ್ಷಣ ಅಷ್ಟು ಜನ ಹೊರಟ್ರು ಅಂದ್ರೆ ಹೊರಡೋ ಆಸೆ ಎಷ್ಟು ವರ್ಷದಿಂದ ಒಳಗೇ ಕೂತಿತ್ತು ಅನ್ನೋದನ್ನೂ ಲೆಕ್ಕ ಹಾಕಬೇಕಲ್ಲ.

ಹಿರಿಯರು: ಹೊರಟಿದ್ದು ಎಲ್ಲಿಗೆ? ದೇವರ ಹತ್ರ. ಬಸ್ಸು ಪುಕ್ಕಟೆ ಆದ ಮೇಲೂ ಯಾರೂ ‘ಸುಮ್ನೆ ಹಕ್ಕಿ ನೋಡಿ ಬರ್ತೀನಿ’ ಅಂತ ಹೋಗ್ಲಿಲ್ಲ. ದುಡ್ಡಿನ ತಡೆ ತೆಗೆದ್ರೂ ಜನ ಹಳೇ ದಾರೀಲೇ ನಡೆದ್ರು. ಅದು ನನ್ನ ಮಾತಿಗೇ ಬಲ.

ಟೀಚರ್: ದೇವರ ಹೆಸರು ಅವರ ಕೈಲಿದ್ದ ಒಂದೇ ಪಾಸು. ಬೇರೆ ಪಾಸು ಕೊಟ್ಟು ನೋಡಿದ್ದೀವಾ? ಇನ್ನೂ ಒಂದು ಲೆಕ್ಕ ಹೇಳ್ತೀನಿ. ಜನ ದಿನದ 24 ಗಂಟೆ ಹೆಂಗೆ ಕಳೀತಾರೆ ಅಂತ ಕೇಂದ್ರ ಸರ್ಕಾರ 2019ರಲ್ಲಿ ದೇಶಾದ್ಯಂತ ಸಮೀಕ್ಷೆ ಮಾಡಿಸಿತು. ಸಂಬಳ ಇಲ್ಲದ ಮನೆಗೆಲಸದಲ್ಲಿ ಕೈ ಹಾಕೋ ಹೆಂಗಸರು ಶೇ 81, ಗಂಡಸರು ಶೇ 26. ಕೈ ಹಾಕಿದವರು ದಿನಕ್ಕೆ ಕೊಡೋ ಹೊತ್ತು ಹೆಂಗಸರಿಗೆ 299 ನಿಮಿಷ, ಗಂಡಸರಿಗೆ 97. 2024ರಲ್ಲಿ ಮತ್ತೆ ಮಾಡಿಸಿದ್ರು: 289, 88. ಐದು ವರ್ಷದಲ್ಲಿ ಹೆಂಗಸರಿಗೆ ಹತ್ತು ನಿಮಿಷ ಉಳೀತು. ಆ ಹತ್ತು ನಿಮಿಷ ಗಂಡಸರಿಗೆ ದಾಟ್ಲೂ ಇಲ್ಲ, ಅವರದೂ ಒಂಬತ್ತು ಇಳೀತು. ನೀವು ಈಗ ತಾನೇ ಸಂಕ್ರಾಂತಿ ಬುತ್ತಿ ಬಗ್ಗೆ ಬಾಯಲ್ಲಿ ನೀರೂರೋ ಹಂಗೆ ಹೇಳಿದ್ರಿ. ಸಜ್ಜೆ ರೊಟ್ಟಿ ತಟ್ಟಿದೋರು ಎಷ್ಟೊತ್ತಿಗೆ ಎದ್ದಿದ್ರು ಅಂತ ಹೇಳ್ಲಿಲ್ಲ. ಹೊಳೆ ದಂಡೆಗೆ ಹೋದ ಮೇಲೂ ಬಡಿಸೋರು ಅವರೇ, ವಾಪಸ್ ಬಂದು ಪಾತ್ರೆ ತಿಕ್ಕೋರು ಅವರೇ. ಮನೆಯೋರಿಗೆ ಅದು ಪ್ರವಾಸ. ಅವರಿಗೆ ಅಡುಗೆಮನೆ ಹೊಳೆ ದಂಡೆಗೆ ಬಂದಿತ್ತು, ಅಷ್ಟೆ.

ಇಲ್ಲಿ ಹಿರಿಯರು ಉತ್ತರ ಹುಡುಕುತ್ತಿದ್ದಾರೆಂದು ಬರೆಯಬಹುದಿತ್ತು. ಆದರೆ ಲೆಕ್ಕ ಕೇಳಿ ದಂಗಾಗುವ ಹಿರಿಯರು ಪ್ರಬಂಧಗಳಲ್ಲಿ ಮಾತ್ರ ಇರುತ್ತಾರೆ. ಈ ಸೀಮೆಯ ಹಿರಿಯರು ಅಂಕಿಅಂಶವನ್ನು ಒಪ್ಪಿಕೊಂಡೇ ತಿರುಗಿಸುತ್ತಾರೆ.

ಹಿರಿಯರು: ಲೆಕ್ಕ ಸುಳ್ಳು ಅನ್ನಲ್ಲ. ಆದ್ರೆ 289 ನಿಮಿಷ ಮನೆಗೆಲಸ ಮಾಡೋಳ ಮುಂದೆ ಹೋಗಿ ‘ನಿನಗೊಂದು ಸೃಜನಶೀಲ ಹವ್ಯಾಸ ಬೇಕು’ ಅಂದ್ರೆ ಅದು 290ನೇ ನಿಮಿಷದ ಕೆಲಸ ಆಗಲ್ವಾ? ಮೊದಲು ಕೆಲಸ ಹಂಚ್ಕೊಳ್ರಿ, ಹವ್ಯಾಸ ಆಮೇಲೆ ಅನ್ನೋದು ನ್ಯಾಯ. ಇನ್ನೊಂದು ಮಾತು. ಹೆಂಗಸರ ಕೈಗೆ ಕಲೆ ಇರಲೇ ಇಲ್ಲ ಅನ್ನೋ ಹಂಗೆ ಮಾತಾಡಬೇಡ್ರಿ. ಕೌದಿ ಇತ್ತು. ತಾಂಡಾಗಳಲ್ಲಿ ಲಂಬಾಣಿ ಕಸೂತಿ ಇತ್ತು, ಕನ್ನಡಿ ಕೂರಿಸಿ, ಕವಡೆ ಕಟ್ಟಿ. ಅದನ್ನ ಯಾರೂ ಹವ್ಯಾಸ ಅಂತ ಕರೀಲಿಲ್ಲ. ಹೊದೆಯೋಕೆ ಬೇಕಿತ್ತು, ಹೊಲಿದ್ರು. ಮದುವೆಗೆ ಬೇಕಿತ್ತು, ಹೊಲಿದ್ರು. ಬೇಕಾದ್ದಕ್ಕೆ ಮಾಡಿದ್ರಿಂದ ಅದು ಚೆಂದಾಗಿ ಬಂತು.

ಟೀಚರ್: ಕೌದಿ ಹತ್ರ ಹೋಗಿ ನೋಡ್ರಿ, ನಿಮ್ಮ ಮಾತು ಅರ್ಧ ಮಾತ್ರ ನಿಜ ಅಂತ ಗೊತ್ತಾಗುತ್ತೆ. ಹೊದೆಯೋಕೆ ಬೆಚ್ಚಗಿದ್ರೆ ಸಾಕಾಗಿದ್ರೆ ಹಳೇ ಸೀರೆ ನಾಲ್ಕು ಪದರ ಹಾಸಿ ಅಂಚಿಗೆ ನಾಲ್ಕು ಹೊಲಿಗೆ ಹಾಕಿ ಮುಗಿಸಬಹುದಿತ್ತು. ಯಾರೂ ಹಂಗೆ ಮುಗಿಸಲ್ಲ. ಒಂದು ಮೂಲೆಯಿಂದ ಶುರು ಮಾಡಿ, ಅಂಚಿನ ಗುಂಟ ಸುತ್ತು ಬಂದು, ಬೆರಳಗಲ ಬಿಟ್ಟು ಮತ್ತೊಂದು ಸುತ್ತು, ಮತ್ತೊಂದು. ನೂಲಿನ ಸಾಲು ಒಳಗೊಳಗೆ ಹೋಗ್ತಾ ಹೋಗ್ತಾ ನಡುವಿಗೆ ಸೇರೋ ಹೊತ್ತಿಗೆ ಬಟ್ಟೆ ಸಣ್ಣಗೆ ಸುಕ್ಕುಗಟ್ಟಿ, ಗಾಳಿಗೆ ಅಲೆ ಎದ್ದ ಕೆರೆ ಥರ ಕಾಣುತ್ತೆ. ಕೆಂಪು ಚೌಕದ ಪಕ್ಕ ಹಳದಿ ತೇಪೆ ಇಡಬೇಕೋ ಹಸಿರೋ ಅಂತ ಒಂದು ಗಳಿಗೆ ಕೈ ತಡೆಯುತ್ತಲ್ಲ, ಆ ಗಳಿಗೆಗೂ ಬೆಚ್ಚಗೆ ಮಲಗೋದಕ್ಕೂ ಸಂಬಂಧ ಇಲ್ಲ. ಅದು ಅವಳ ಖುಷಿ. ನೆಪದ ಒಳಗೆ ಬಚ್ಚಿಟ್ಟುಕೊಂಡಿತ್ತು. ನಾನು ಕೇಳೋದು ಇಷ್ಟೇ: ಅದನ್ನ ಬಚ್ಚಿಡದೇ ಇರೋಕೆ ಆಗುತ್ತಾ? ಕೌದಿ ಬೇಕಾಗಿಲ್ಲ, ಕಂಬಳಿ ಅಂಗಡೀಲಿ ಸಿಗುತ್ತೆ. ಆದ್ರೂ ಹೊಲೀತೀನಿ, ಮೊದಲನೇದು ಸೊಟ್ಟಂಬಟ್ಟ ಬರುತ್ತೆ, ಬರಲಿ ಅನ್ನೋಕೆ ಎಷ್ಟು ಮನೇಲಿ ಜಾಗ ಇದೆ? ನಮ್ಮಲ್ಲಿ ಚೆನ್ನಾಗಿ ಹಾಡೋರಿಗೆ ಸನ್ಮಾನ ಇದೆ, ಶಾಲು ಇದೆ. ಕೆಟ್ಟದಾಗಿ ಹಾಡಿಕೊಂಡು ಖುಷಿಯಾಗಿರೋರಿಗೆ ‘ಬಾಯಿ ಮುಚ್ಚು’ ಅಷ್ಟೇ ಇರೋದು. ಮಕ್ಕಳು ನಾಲ್ಕನೇ ತರಗತಿವರೆಗೆ ಬಾಯ್ತುಂಬ ಹಾಡ್ತಾರೆ, ಎಂಟನೇ ತರಗತಿಗೆ ಬರೋ ಹೊತ್ತಿಗೆ ಬರೀ ಸ್ಪರ್ಧೆಗೆ ಆಯ್ಕೆ ಆದೋರು ಹಾಡ್ತಾರೆ.

ಹಿರಿಯರು: ಖುಷಿಗೆ ನಾನು ಅಡ್ಡ ಬಂದೆನೇ? ಆದ್ರೆ ಖುಷಿ ಆರೋಗ್ಯ ಅಂತ ಮಾರೋಕೆ ಬರ್ತಾರಲ್ಲ, ಅದಕ್ಕೆ ಸಿಟ್ಟು. ಹವ್ಯಾಸ ಇದ್ರೆ ಆಯುಷ್ಯ ಜಾಸ್ತಿ, ಟೆನ್ಶನ್ ಕಮ್ಮಿ ಅಂತ ವಾಟ್ಸಾಪಲ್ಲಿ ದಿನಾ ಬರುತ್ತೆ.

ಟೀಚರ್: ವಾಟ್ಸಾಪು ಬಿಡ್ರಿ, ಸರಿಯಾದ ಅಧ್ಯಯನವೂ ಇದೆ. 2023ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂತು. 16 ದೇಶಗಳ, 65 ದಾಟಿದ, 93 ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಇಟ್ಟುಕೊಂಡು ನೋಡಿದ್ರು. ಹವ್ಯಾಸ ಇದ್ದೋರಲ್ಲಿ ಖಿನ್ನತೆಯ ಲಕ್ಷಣ ಕಮ್ಮಿ, ಬದುಕಿನ ಬಗ್ಗೆ ಸಮಾಧಾನ ಜಾಸ್ತಿ.

ಹಿರಿಯರು: 16 ದೇಶದಲ್ಲಿ ನಮ್ಮದಿತ್ತಾ?

ಟೀಚರ್: ಇಲ್ಲ. ಇಂಗ್ಲೆಂಡ್, ಅಮೆರಿಕ, ಜಪಾನ್, ಚೀನಾ, ಉಳಿದದ್ದು ಯುರೋಪು.

ಹಿರಿಯರು: ಪಿಂಚಣಿ ಇರೋ ದೇಶಗಳೇ ಜಾಸ್ತಿ. ಮಂಡಿನೋವು ಇಲ್ಲದೋನು ತೋಟ ಮಾಡ್ತಾನೆ. ತೋಟ ಮಾಡಿದ್ದಕ್ಕೆ ಮಂಡಿನೋವು ಬರಲಿಲ್ಲ ಅಂತ ನಾವು ಬರ್ಕೊಳ್ತೀವಿ. ಯಾವುದು ಮುಂದೆ, ಯಾವುದು ಹಿಂದೆ?

ಟೀಚರ್: ಅದೇ ಜನರನ್ನ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ್ದಾರೆ, ಅದರಿಂದ ನಿಮ್ಮ ಅನುಮಾನ ಸ್ವಲ್ಪ ಕರಗುತ್ತೆ. ಪೂರ್ತಿ ಕರಗಲ್ಲ, ಒಪ್ತೀನಿ. ಅದಕ್ಕೇ ನಾನು ಆರೋಗ್ಯದ ಮಾತು ಮೊದಲು ಎತ್ತಲಿಲ್ಲ. ಹವ್ಯಾಸಕ್ಕೆ ಆರೋಗ್ಯದ ಚೀಟಿ ಅಂಟಿಸಿದ್ರೆ ಅದೂ ಇನ್ನೊಂದು ನೆಪ ಆಗುತ್ತೆ.

ಟೀಚರ್ ಇಲ್ಲಿ ತಮ್ಮ ಗಟ್ಟಿ ಸಾಕ್ಷಿಯನ್ನೇ ಪಕ್ಕಕ್ಕೆ ಸರಿಸಿದ್ದು ನನಗೆ ಹಿಡಿಸಿತು. ದುಡ್ಡು ಖರ್ಚಾಗದ, ಅಂಗಡಿಯಲ್ಲಿ ಸಿಗದ ಒಂದು ಉದಾಹರಣೆಯನ್ನು ಅವರು ಮುಂದಿಡಬೇಕಿತ್ತು. ಇಟ್ಟರು.

ಟೀಚರ್: ಕೊಳ್ಳೋದೇ ಹವ್ಯಾಸ ಅಂದ್ರಲ್ಲ, ಏನೂ ಕೊಳ್ಳದ್ದು ಒಂದು ಹೇಳ್ತೀನಿ. ನಮ್ಮ ತಾಲ್ಲೂಕಿನ ಶಾಸನಗಳು 20ನೇ ಶತಮಾನದ ಆರಂಭದಲ್ಲೇ ಅಚ್ಚಾಗಿವೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೇ ಸಂಪುಟ, ಚಿತ್ರದುರ್ಗ ಜಿಲ್ಲೆಯದ್ದು, ಅದರಲ್ಲಿ ಜಗಳೂರು ತಾಲ್ಲೂಕಿನದೇ ಒಂದು ಭಾಗ ಇದೆ. ಫೋನಲ್ಲಿ ಪುಕ್ಕಟೆ ಸಿಗುತ್ತೆ. ಯಾವ ಊರು, ಊರಿನ ಯಾವ ದಿಕ್ಕು, ಯಾವ ಗುಡಿ ಮುಂದೆ ಅಂತ ಬರ್ದಿದ್ದಾರೆ. ಅದನ್ನ ಹಿಡ್ಕೊಂಡು ಪಕ್ಕದ ಊರಿಗೆ ಹೋಗಿ ಆ ಕಲ್ಲು ಇನ್ನೂ ಇದೆಯಾ ನೋಡೋದು. ಹೋಗಬೇಕಾದ್ದು ಬೆಳಗ್ಗೆ ಏಳು ಗಂಟೆಗೆ. ಮಧ್ಯಾಹ್ನ ಹೋದ್ರೆ ಕಲ್ಲು ಬರೀ ಕಲ್ಲು. ನೆತ್ತಿ ಮೇಲಿನ ಬಿಸಿಲು ಎಲ್ಲಾ ತಗ್ಗನ್ನೂ ತುಂಬಿಬಿಡುತ್ತೆ. ಬಿಸಿಲು ಓರೆಯಾಗಿ ಬಿದ್ದಾಗ ಸವೆದ ಗೆರೆಗೂ ನೆರಳು ಹುಟ್ಟುತ್ತೆ. ಮೋಡ ಇದ್ರೆ ಸಂಜೆ ಕತ್ತಲಾದ ಮೇಲೆ ಟಾರ್ಚನ್ನ ಪಕ್ಕದಿಂದ ಹಿಡೀಬೇಕು, ಎದುರಿಂದಲ್ಲ. ಆಗ ವೀರಗಲ್ಲಿನ ಕೆಳಗಿನ ಪಟ್ಟೀಲಿ ಕತ್ತಿ ಎತ್ತಿದ ಕೈ ಕಾಣುತ್ತೆ, ಪಕ್ಕದಲ್ಲಿ ದನದ ಕೋಡು ಕಂಡ್ರೆ ಅದು ತುರುಗೋಳು, ದನ ಬಿಡಿಸೋಕೆ ಹೋಗಿ ಸತ್ತೋನು. ನಡುವಿನ ಪಟ್ಟೀಲಿ ಅಪ್ಸರೆಯರು ಅವನನ್ನ ಎರಡೂ ಕಡೆ ಹಿಡಿದು ಮೇಲೆ ಒಯ್ತಾರೆ. ಮೇಲಿನ ಪಟ್ಟೀಲಿ ಲಿಂಗ, ಬಸವ. ತುದೀಲಿ ಸೂರ್ಯ, ಚಂದ್ರ. ಕೆಳಗಿಂದ ಮೇಲಕ್ಕೆ ಓದೋ ಕಥೆ. ಅಕ್ಷರ ಬರದ ಮಗುನೂ ಓದುತ್ತೆ. ದಿನಾ ಅದರ ಪಕ್ಕದಲ್ಲೇ ಎಮ್ಮೆ ಹೊಡ್ಕೊಂಡು ಹೋಗ್ತೀವಿ.

ಹಿರಿಯರು: ಹೋಗ್ರಿ. ಹಳೇ ಕಲ್ಲಿನ ಹತ್ರ ಬೆಳಗಿನ ಜಾವ ಒಬ್ಬರೇ ಹೋಗಿ, ಸಂಜೆ ಕತ್ತಲಲ್ಲಿ ಟಾರ್ಚು ಹಾಕಿ ನಿಂತ್ಕೊಳ್ರಿ. ಊರೋರು ಏನಂತಾರೆ ಗೊತ್ತಾ? ನಿಧಿ ಅಗೆಯೋರು ಬಂದ್ರು ಅಂತಾರೆ. ಈ ಸೀಮೇಲಿ ನಿಧಿ ಆಸೆಗೆ ಗುಡಿ ಗರ್ಭ ಅಗೆದೋರು, ಬಸವಣ್ಣನ್ನ ಕಿತ್ತೋರು, ಕೋಟೆ ಬುಡ ತೋಡಿದೋರು ಕಮ್ಮಿ ಇಲ್ಲ. ಜನರ ಅನುಮಾನಕ್ಕೆ ಕಾರಣ ಇದೆ. ಜೊತೆಗೆ, ನೀವು ಯಾವುದನ್ನ ವೀರಗಲ್ಲು ಅಂತೀರೋ ಅದು ಆ ಊರಿಗೆ ದೇವರು. ಎಣ್ಣೆ ಹಚ್ಚಿ, ಕುಂಕುಮ ಬಳಿದು, ಅಮಾವಾಸ್ಯೆಗೆ ಕಾಯಿ ಒಡೀತಾರೆ. ನೀವು ಹೋಗಿ ಕುಂಕುಮ ಒರೆಸಿ ‘ಇದು ಇಂಥ ಶತಮಾನದ ಕಲ್ಲು’ ಅಂದ್ರೆ ಅವರ ದೇವರನ್ನ ಮ್ಯೂಸಿಯಂಗೆ ಸೇರಿಸಿದಂಗೆ. ಪಾಠ ಹೇಳೋರಿಗೆ ಅದು ಗೊತ್ತಾಗಲ್ಲ.

ಟೀಚರ್: ಒರೆಸಬಾರದು. ಸುಣ್ಣ ಹಚ್ಚಬಾರದು, ಚಾಕ್‌ಪೀಸಲ್ಲಿ ತಿದ್ದಬಾರದು, ತಂತಿ ಬ್ರಷ್ಷು ಮುಟ್ಟಿಸಲೇಬಾರದು. ಅದು ಕಲ್ಲಿಗೂ ಕೇಡು. ಒಬ್ಬರೇ ಹೋಗಬಾರದು ಅನ್ನೋದನ್ನೂ ಒಪ್ಪಿದೆ. ಊರೊಳಗೆ ಮೊದಲು ಹೋಗಿ, ಪಂಚಾಯ್ತಿ ಲೈಬ್ರರಿ, ಅಂದ್ರೆ ಅರಿವು ಕೇಂದ್ರದ ಮೇಲ್ವಿಚಾರಕರಿಗೆ ಹೇಳಿ, ಆ ಊರಿನ ಇಬ್ಬರನ್ನ ಕರ್ಕೊಂಡು ಹೋಗಬೇಕು. ಹಂಗೆ ಹೋದ್ರೆ ಕಲ್ಲಿಗೆ ನಾಲ್ಕು ಕಣ್ಣು ಕಾವಲು ಸಿಗುತ್ತೆ. ನಿಧಿ ಅಗೆಯೋನಿಗೆ ಅನುಕೂಲ ಆಗೋದು ಯಾರೂ ನೋಡದ ಕಲ್ಲು. ಬೆಂಗಳೂರಲ್ಲಿ ಚರಂಡಿ ಪಕ್ಕ, ಕಾಂಪೌಂಡಿನೊಳಗೆ ಬಿದ್ದಿದ್ದ ಶಾಸನಗಳನ್ನ ಹುಡುಕಿ ಉಳಿಸೋ ಕೆಲಸ ಶುರು ಮಾಡಿದ್ದು ಹವ್ಯಾಸಿಗಳೇ. ಆಮೇಲೆ ಮಿಥಿಕ್ ಸೊಸೈಟಿ ಅನ್ನೋ ಸಂಶೋಧನಾ ಸಂಸ್ಥೆ ಜೊತೆ ಸೇರಿ ಆ ಕಲ್ಲುಗಳ 3ಡಿ ಸ್ಕ್ಯಾನ್ ಆಯ್ತು. ಭಾನುವಾರದ ಖಯಾಲಿ ಅಂತ ಶುರುವಾದದ್ದು ಊರಿನ ದಾಖಲೆ ಆಯ್ತು.

ಹಿರಿಯರು: ನೋಡಿದ್ರಾ, ಕೊನೆಗೆ ನೀವೂ ನನ್ನ ಹಂದರಕ್ಕೇ ಬಂದ್ರಿ. ಒಬ್ಬರೇ ಹೋಗಬಾರದು, ಊರೋರ ಜೊತೆ ಹೋಗಬೇಕು, ದಾಖಲೆ ಆಗಬೇಕು. ಅದಕ್ಕೂ ಜನ ಬೇಕು, ದಿನ ಬೇಕು, ಫಲ ಬೇಕು.

ಟೀಚರ್: ಜನ ಬೇಕು. ಫಲ ಬೇಕಂತ ನಾನೆಲ್ಲಿ ಹೇಳಿದೆ? ಫಲ ಬಂತು ಅಂದೆ ಅಷ್ಟೆ.

ಹಿರಿಯರು: ಸರಿ, ಕಾಡಿನ ಮಾತು ಬರಲಿ. ರಂಗಯ್ಯನದುರ್ಗ ನಮ್ಮ ತಾಲ್ಲೂಕಿನದೇ. 2011ರಲ್ಲಿ ಕೊಂಡುಕುರಿ ವನ್ಯಧಾಮ ಅಂತ ಘೋಷಣೆ ಆಯ್ತು, 77 ಚದರ ಕಿಲೋಮೀಟರಿನಷ್ಟು ಕುರುಚಲು ಕಾಡು. ಹತ್ತಿರದ ಪ್ರವಾಸ ಅಂತ ನಾಳೆ ನಿಮ್ಮ ಮಾತು ಕೇಳಿ ನೂರು ಬೈಕು ಅಲ್ಲಿಗೆ ಹೋದ್ರೆ ಆ ಪ್ರಾಣಿ ಗತಿ? ಹೆದರುಪುಕ್ಕಲ ಜೀವ ಅದು, ಒಂಟಿ ಇರುತ್ತೆ, ಸದ್ದಾದ್ರೆ ಓಡುತ್ತೆ. ಸೂಳೆಕೆರೆ ದಂಡೆ, ಸಂತೇಬೆನ್ನೂರು ಪುಷ್ಕರಣಿ, ಜನ ಹೋಗೋ ಕಡೆಯೆಲ್ಲ ಒಂದು ಸುತ್ತು ಹಾಕಿ, ಮೆಟ್ಟಿಲ ಸಂದೀಲಿ ಏನು ಸಿಗುತ್ತೆ ನೋಡ್ರಿ: ಚಿಪ್ಸ್ ಕವರು, ನೀರಿನ ಬಾಟ್ಲಿ. ನೆಪ ಇಲ್ಲದೋರು ಬಂದು ಹೋಗೋ ಜಾಗದ ಹಣೆಬರಹ ಅದು. ಹರಕೆ ಹೊತ್ತೋನಿಗೆ ಒಂದು ಭಯ ಭಕ್ತಿ ಇರುತ್ತೆ.

ಟೀಚರ್: ಜಾತ್ರೆ ಮಾರನೇ ದಿನದ ಬಯಲು ನೋಡಿದೋರು ಆ ಮಾತು ಹೇಳಬಾರದು. ಕಸಕ್ಕೆ ಆಸ್ತಿಕ ನಾಸ್ತಿಕ ಭೇದ ಇಲ್ಲ. ಕಾಡಿನ ವಿಷಯದಲ್ಲಿ ಮಾತ್ರ ನೀವು ಹೇಳೋದು ಸರಿ. ವನ್ಯಧಾಮಕ್ಕೆ ಅರಣ್ಯ ಇಲಾಖೆ ಅನುಮತಿ ಇಲ್ಲದೆ ಕಾಲಿಡಬಾರದು, ಕಾನೂನೇ ಹಂಗಿದೆ. ಆದ್ರೆ ಕೊಂಡುಕುರಿ ಬಗ್ಗೆ ಒಂದು ಚೆಂದದ ವಿಷಯ ಇದೆ. ಅದನ್ನ ಹುಡುಕೋರು ಪ್ರಾಣಿನ ಹುಡುಕಲ್ಲ, ಹಿಕ್ಕೆ ಹುಡುಕ್ತಾರೆ. ದಿನಾ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕೋ ಅಭ್ಯಾಸ ಅದಕ್ಕೆ. ಗುಡ್ಡೆ ಕಂಡ್ರೆ ಅದು ಇದೆ ಅಂತ ಅರ್ಥ. ಗಂಡಿಗೆ ಕಿವಿಗಳ ನಡುವೆ ಎರಡು ಕೋಡು, ಅದರ ಮುಂದೆ ಹಣೆ ಮೇಲೆ ಇನ್ನೆರಡು ಗಿಡ್ಡ ಕೋಡು. ಹೆಣ್ಣಿಗೆ ಒಂದೂ ಇಲ್ಲ. ಭಾರತ, ನೇಪಾಳ ಬಿಟ್ರೆ ಜಗತ್ತಿನ ಬೇರೆ ಯಾವ ಕಾಡಲ್ಲೂ ಇಲ್ಲ. ಇಷ್ಟು ತಿಳ್ಕೊಳ್ಳೋಕೆ ಕಾಡೊಳಗೆ ಹೋಗಬೇಕಾಗಿಲ್ಲ. ತಮ್ಮ ತಾಲ್ಲೂಕಲ್ಲೇ ಇದೆ ಅಂತ ಮಕ್ಕಳಿಗೆ ಗೊತ್ತಾದ್ರೆ ಜಿರಾಫೆ ಬಿಡಿಸೋ ಬದಲು ಒಂದು ಸಲ ಕೊಂಡುಕುರಿ ಬಿಡಿಸ್ತಾರೆ. ಹಕ್ಕಿ ನೋಡೋಕಂತೂ ಎಲ್ಲಿಗೂ ಹೋಗಬೇಕಿಲ್ಲ. ಪ್ರತಿ ಫೆಬ್ರುವರೀಲಿ ಜಗತ್ತಿನ ತುಂಬ ಜನ ತಮ್ಮ ಹಿತ್ತಿಲಲ್ಲೇ ನಿಂತು ಹಕ್ಕಿ ಎಣಿಸಿ ಪಟ್ಟಿ ಕಳಿಸ್ತಾರೆ, ಕನಿಷ್ಠ 15 ನಿಮಿಷ ನಿಂತ್ರೆ ಸಾಕು. ದೀಟೂರಿಂದ ತುಂಗಭದ್ರೆ ನೀರು ಎತ್ತಿ ನಮ್ಮ 57 ಕೆರೆ ತುಂಬಿಸೋ ಯೋಜನೆ ಬಂದಿದೆ. ನೀರು ನಿಂತ ಕೆರೆ ಏರಿ ಮೇಲೆ 15 ನಿಮಿಷ ನಿಲ್ಲೋಕೆ ಯಾವ ಖರ್ಚು?

ಹಿರಿಯರು: ಆ ನೀರು ಬಂದದ್ದು ಹಕ್ಕಿ ಎಣಿಸೋಕಲ್ಲ, ಬೋರ್‌ವೆಲ್ ಬದುಕಿಸೋಕೆ. ಇರಲಿ. ಹಕ್ಕಿ ವಿಷಯ ನಮಗೆ ಹೇಳಬೇಕಾ? ಟಿಟ್ಟಿಭ ಗೂಡು ಕಟ್ಟಲ್ಲ, ಬರೀ ನೆಲದ ಮೇಲೆ ಬೆಣಚುಕಲ್ಲಿನ ಬಣ್ಣದ ಮೊಟ್ಟೆ ಇಡುತ್ತೆ. ಉಳೋರಿಗೆ ಅದು ಕಂಡ್ರೆ ಅಷ್ಟು ಜಾಗ ಬಿಟ್ಟು ಸುತ್ತು ಹಾಕಿ ಉಳ್ತಾರೆ. ನೀಲಕಂಠ ಎಲ್ಲಿ ಕೂರುತ್ತೆ, ಕಾಜಾಣ ದನದ ಬೆನ್ನ ಮೇಲೆ ಕೂತು ಯಾವ ಹುಳಕ್ಕೆ ಹೊಂಚು ಹಾಕುತ್ತೆ, ಹೊಲದವರಿಗೆಲ್ಲ ಗೊತ್ತು. ಗೊತ್ತಿರೋದನ್ನ ಹವ್ಯಾಸ ಅಂತ ಹೆಸರಿಟ್ಟು, ಫೋನಲ್ಲಿ ಪಟ್ಟಿ ಮಾಡಿ, ವಾಪಸ್ ನಮಗೇ ಕಲಿಸೋಕೆ ಬರೋದು ಯಾಕೆ?

ಟೀಚರ್: ಬರೆದಿಡದೇ ಇದ್ರೆ ನಿಮ್ಮ ಜೊತೆಗೇ ಹೋಗುತ್ತೆ, ಅದಕ್ಕೆ. ನಿಮಗೆ ಗೊತ್ತಿರೋ ಹತ್ತು ಹಕ್ಕಿ ಹೆಸರಲ್ಲಿ ನಿಮ್ಮ ಮೊಮ್ಮಕ್ಕಳ ವಯಸ್ಸಿನೋರಿಗೆ ಎಷ್ಟು ಗೊತ್ತು? ಎತ್ತು ಹೋಗಿ ಟ್ರ್ಯಾಕ್ಟರ್ ಬಂತು. ಟ್ರ್ಯಾಕ್ಟರ್ ಮೇಲೆ ಕೂತೋನಿಗೆ ಟಿಟ್ಟಿಭದ ಮೊಟ್ಟೆ ಕಾಣಲ್ಲ. ನೀವು ನೆಪ ನೆಪ ಅಂತೀರಲ್ಲ, ಉಳುಮೆ ಆ ಜ್ಞಾನಕ್ಕೆ ನೆಪ ಆಗಿತ್ತು. ಆ ನೆಪ ಹೋಯ್ತು. ಈಗ ಬೇಕಂತಲೇ ನಿಂತು ನೋಡದೇ ಇದ್ರೆ ಅದು ಉಳಿಯೋ ದಾರಿ ಬೇರೆ ಯಾವುದು?

ಈ ಪ್ರಶ್ನೆಗೆ ಹಿರಿಯರ ಬಳಿ ಉತ್ತರವಿಲ್ಲ, ನನ್ನ ಬಳಿಯೂ ಇಲ್ಲ. ಆದರೆ ಟೀಚರ್ ಗೆದ್ದರೆಂದೂ ನನಗನ್ನಿಸುವುದಿಲ್ಲ. ಹಳೆಯ ನೆಪಗಳು ಒಂದೊಂದಾಗಿ ಕಳಚುತ್ತಿವೆ: ಉಳುಮೆ ಯಂತ್ರಕ್ಕೆ, ಕೌದಿ ಅಂಗಡಿಯ ಕಂಬಳಿಗೆ, ದೊಡ್ಡಾಟ ಫೋನಿಗೆ. ಟೀಚರ್ ಹೇಳುವ ನೆಪವಿಲ್ಲದ ಆಸಕ್ತಿ ಆ ಖಾಲಿ ಜಾಗವನ್ನು ತುಂಬಬೇಕು. ಆದರೆ ಮೂರನೇ ವಾರ ಬೇಸರ ಬಂದಾಗ ಅದನ್ನು ಹಿಡಿದು ನಿಲ್ಲಿಸುವುದು ಏನೆಂದು ಅವರು ಹೇಳಿಲ್ಲ. ಹಿರಿಯರು ಅದನ್ನು ಬಲ್ಲರು, ಊರಿನ ಕಣ್ಣು ಎನ್ನುತ್ತಾರೆ. ಅದೇ ಊರಿನ ಕಣ್ಣು ಅರ್ಧ ಊರನ್ನು ಹೊಸ್ತಿಲೊಳಗೆ ಕಟ್ಟಿಹಾಕಿತ್ತು ಎಂಬ ಮಾತಿಗೆ ಬಂದರೆ ಚಹ ತಣ್ಣಗಾಯಿತು ಎನ್ನುತ್ತಾರೆ. ನಾನು ಎರಡು ಹೆಜ್ಜೆ ಟೀಚರ್ ಕಡೆಗಿದ್ದೇನೆ, ಮೂರನೇ ವಾರದ ಭಯ ಇಟ್ಟುಕೊಂಡೇ.

ಹಿರಿಯರು: ಆ ಕಲ್ಲು ನೋಡೋಕೆ ಬೆಳಗ್ಗೆ ಏಳಕ್ಕೇ ಹೋಗಬೇಕು ಅಂದ್ರಲ್ಲ, ಎಂಟಕ್ಕೆ ಹೋದ್ರೆ?

ಟೀಚರ್: ಈಗಿನ ಬಿಸಿಲಿಗೆ ಎಂಟಕ್ಕೂ ಕಾಣಬಹುದು. ಬರ್ತೀರಾ?

ಹಿರಿಯರು: ಬರ್ತೀನಿ ಅಂತ ಅಂದೆನಾ? ಬಂದ್ರೆ ಮನೇಲಿ ಏನಂತ ಹೇಳೋದು ಅಂತ ಯೋಚನೆ.

ಟೀಚರ್: ಕಲ್ಲು ನೋಡೋಕೆ ಹೋಗ್ತೀನಿ ಅನ್ರಿ.

ಹಿರಿಯರು: ನಗ್ತಾರೆ. ಕೊಡದಗುಡ್ಡಕ್ಕೆ ಹೋಗ್ತೀನಿ ಅಂದ್ರೆ ಮಾತಿಲ್ಲದೇ ಬುತ್ತಿ ಕಟ್ಟಿಕೊಡ್ತಾರೆ. ನಿಮಗೂ ಸೇರಿಸಿ ನಾಲ್ಕು ರೊಟ್ಟಿ ಜಾಸ್ತಿ ಹೇಳ್ತೀನಿ.

ಟೀಚರ್: ರೊಟ್ಟಿ ತಟ್ಟೋರನ್ನೂ ಕರ್ಕೊಂಡು ಬರ್ರಿ. ಬುತ್ತಿ ಬೇಡ, ಬಸ್ ಸ್ಟ್ಯಾಂಡಲ್ಲಿ ಇಡ್ಲಿ ತಿನ್ನೋಣ.

ಹಿರಿಯರು: ಬುತ್ತಿ ಇಲ್ದೇ ಅವಳು ಹೊರಡಲ್ಲ.